ಎದೆಯ ಪೊರೆಯ ಕ್ಯಾನ್ಸರೂ ರಕ್ತದ ಪರೀಕ್ಷೆಯೂ

ಕಲ್ನಾರಿನ ಧೂಳಿನಿಂದ ಹುಟ್ಟತಕ್ಕ ಎದೆಯ ಪೊರೆಯ ಕ್ಯಾನ್ಸರನ್ನು ಒಂದಿಷ್ಟು ರಕ್ತವನ್ನು ತೆಗೆದು ನೋಡಿದ ಮಾತ್ರಕ್ಕೆ ಕಂಡುಹಿಡಿಯಬಹುದೆಂಬ ಆಶೆಯು ವೈದ್ಯಪ್ರಪಂಚದಲ್ಲಿ ಹುಟ್ಟಿ ಇಪ್ಪತ್ತು ವರ್ಷಗಳ ಮೇಲಾಯಿತು. ಆ ಆಶೆಯು ಎಷ್ಟು ಮಟ್ಟಿಗೆ ಫಲಿಸಿದೆ, ಎಷ್ಟು ಮಟ್ಟಿಗೆ ಫಲಿಸಿಲ್ಲ, ಫಲಿಸದಿರುವಲ್ಲಿ ದೋಷವು ವಿಜ್ಞಾನದ್ದೋ ನಮ್ಮ ಲೋಕವ್ಯವಹಾರದ್ದೋ ಎಂಬುದನ್ನು ವಾಚಕರ ಮುಂದಿಡುವುದು ಆವಶ್ಯಕವೆಂದು ನಮಗೆ ತೋರುತ್ತದೆ. ಇದು ವೈದ್ಯರಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ಯಾರೂ ಪುಟವನ್ನು ಮಗುಚಬೇಕಾದುದಿಲ್ಲ. ನಮ್ಮ ಪಟ್ಟಣಗಳಲ್ಲಿ ಗೋದಾಮು, ಗ್ಯಾರೇಜು, ಕಾರ್ಖಾನೆಯ ಷೆಡ್ಡು, ಬಡವರ ಮನೆ ಇವುಗಳ ಮೇಲೆ ಬೂದುಬಣ್ಣದ ಸಿಮೆಂಟು ಶೀಟನ್ನು ಹೊದಿಸಿರುವುದನ್ನು ನೋಡದವರಿಲ್ಲ. ಆ ಶೀಟಿನಲ್ಲಿ ಸಿಮೆಂಟನ್ನು ಹಿಡಿದು ನಿಲ್ಲಿಸಿರುವ ನಾರು ಬಹುಮಟ್ಟಿಗೆ ಕಲ್ನಾರೇ ಆಗಿದೆ. ಅದನ್ನು ತಯಾರಿಸಿದವನು, ಅದನ್ನು ಗರಗಸದಿಂದ ಕೊಯ್ದವನು, ಹಳೆಯ ಮಾಡನ್ನು ಒಡೆದು ಲಾರಿಗೆ ತುಂಬಿದವನು, ಇವರೆಲ್ಲರ ಎದೆಗೆ ಸಂಬಂಧಪಟ್ಟ ಮಾತು ಇದು.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ಶ್ವಾಸಕೋಶಗಳ ಹೊರಮೈಯನ್ನೂ ಎದೆಗೂಡಿನ ಒಳಮೈಯನ್ನೂ ಹೊದೆದಿರುವ ತೆಳ್ಳನೆಯ ಪೊರೆಯೊಂದಿದೆ. ಉಸಿರಾಡುವಾಗ ಶ್ವಾಸಕೋಶವು ಜಾರಿ ಚಲಿಸುವಂತೆ ಮಾಡುವುದು ಇದರ ಕೆಲಸ. ಈ ಪೊರೆಯಲ್ಲಿ ಹುಟ್ಟುವ ಕ್ಯಾನ್ಸರಿಗೆ ವೈದ್ಯರು ಮೆಸೊಥೀಲಿಯೋಮ ಎಂದು ಹೆಸರಿಟ್ಟಿದ್ದಾರೆ. ಇದು ಸಾಮಾನ್ಯವಾದ ಶ್ವಾಸಕೋಶದ ಕ್ಯಾನ್ಸರಲ್ಲ. ಶ್ವಾಸಕೋಶದ ಕ್ಯಾನ್ಸರಿಗೆ ಬೀಡಿ ಸಿಗರೇಟುಗಳೂ ಕಾರಣವಾಗುತ್ತವೆ. ಕಲ್ನಾರೂ ಬೀಡಿಯೂ ಕೂಡಿದಲ್ಲಿ ಅಪಾಯವು ಹಲವು ಪಟ್ಟು ಏರುತ್ತದೆ. ಆದರೆ ಪೊರೆಯ ಕ್ಯಾನ್ಸರಿಗೂ ಬೀಡಿಗೂ ಸಂಬಂಧವಿಲ್ಲ. ಕೂಲಿಕಾರನು ಸತ್ತಾಗ ಅವನ ಜೇಬಿನ ಬೀಡಿಯ ಕಟ್ಟನ್ನು ತೋರಿಸಿ ಹೊಣೆಯಿಂದ ತಪ್ಪಿಸಿಕೊಳ್ಳುವುದು ಕೆಲವು ಮಾಲಿಕರಿಗೆ ಸುಲಭವಾಗಿರುವುದರಿಂದ ಈ ಭೇದವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಕಲ್ನಾರಿನ ಎಳೆಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಸೂಜಿಗಳಂತಿದ್ದು, ಉಸಿರಿನೊಡನೆ ಒಳಹೊಕ್ಕು ಪೊರೆಯವರೆಗೂ ಸಾಗುತ್ತವೆ. ಒಳಬಂದ ಕಸವನ್ನು ನುಂಗಿ ತೆಗೆದುಹಾಕಲು ದೇಹವು ಇಟ್ಟಿರುವ ಕಣಗಳು ಈ ಉದ್ದನೆಯ ಸೂಜಿಗಳನ್ನು ನುಂಗಲಾರವು. ಅವು ಅಲ್ಲಿಯೇ ನಿಂತು ವರ್ಷಗಟ್ಟಲೆ ಉರಿಯನ್ನೆಬ್ಬಿಸುತ್ತಾ ಇರುತ್ತವೆ. ಧೂಳನ್ನು ಕುಡಿದ ದಿನಕ್ಕೂ ರೋಗವು ತಲೆದೋರುವ ದಿನಕ್ಕೂ ನಡುವೆ ಇಪ್ಪತ್ತರಿಂದ ಐವತ್ತು ವರ್ಷಗಳಷ್ಟು ಕಾಲ ಸಂದುಹೋಗುವುದುಂಟು. ಈ ದೀರ್ಘವಾದ ಅಂತರವೇ ನಾವು ಮುಂದೆ ಹೇಳಲಿರುವ ಎಲ್ಲ ತೊಡಕುಗಳಿಗೂ ಮೂಲವಾಗಿದೆ.

ಈ ಸಂಬಂಧವು ಲೋಕಕ್ಕೆ ಸಂಶಯವಿಲ್ಲದಂತೆ ತಿಳಿದದ್ದು ೧೯೬೦ರಲ್ಲಿ. ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ವಾಯವ್ಯ ಭಾಗದಲ್ಲಿ ನೀಲಿ ಕಲ್ನಾರಿನ ಗಣಿಗಳಿದ್ದವು. ಅಲ್ಲಿನ ವ್ಯಾಗ್ನರ್, ಸ್ಲೆಗ್ಸ್, ಮಾರ್ಷಾಂಡ್ ಎಂಬ ಮೂವರು ವೈದ್ಯರು ಅತ್ಯಂತ ವಿರಳವೆಂದು ಗ್ರಂಥಗಳು ಹೇಳುತ್ತಿದ್ದ ಈ ರೋಗದ ೩೩ ಮಂದಿ ರೋಗಿಗಳನ್ನು ಒಂದೆಡೆ ಲೆಕ್ಕಹಾಕಿದರು. ಒಬ್ಬರನ್ನು ಬಿಟ್ಟು ಮಿಕ್ಕೆಲ್ಲರೂ ಕಲ್ನಾರಿನ ಧೂಳಿನ ನಡುವೆ ಬಾಳಿದವರೇ. ಅವರಲ್ಲಿ ಗಣಿಯ ಕೂಲಿಕಾರರಷ್ಟೇ ಅಲ್ಲ, ಗಣಿಯೂರಿನಲ್ಲಿ ಹುಟ್ಟಿ ಬೆಳೆದು ಬೇರೆಲ್ಲಿಗೋ ಹೋಗಿ ನೆಲಸಿದವರೂ ಇದ್ದರು. ಮುಂದೆ ೧೯೬೫ರಲ್ಲಿ ಲಂಡನ್ ನಗರದಲ್ಲಿ ನ್ಯೂಹೌಸ್, ಥಾಮ್ಸನ್ ಎಂಬುವರು ನಡೆಸಿದ ಶೋಧನೆಯಿಂದ, ಗಂಡಂದಿರ ಧೂಳುಬಟ್ಟೆಗಳನ್ನು ಒಗೆದ ಹೆಂಗಸರಿಗೂ, ಕಾರ್ಖಾನೆಯಿಂದ ಅರ್ಧ ಮೈಲಿಯೊಳಗೆ ವಾಸವಾಗಿದ್ದವರಿಗೂ ಈ ರೋಗ ಬಂದಿರುವುದು ಹೊರಬಿತ್ತು. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ರೋಗಿಗಳು ಇವರು.

ರಕ್ತದ ಪರೀಕ್ಷೆಯ ಕಥೆಯು ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಮೊದಲಾದುದು ಆಕಸ್ಮಿಕವಲ್ಲ. ಪಶ್ಚಿಮ ಆಸ್ಟ್ರೇಲಿಯದ ವಿಟೆನೂಮ್ ಎಂಬಲ್ಲಿ ನೀಲಿ ಕಲ್ನಾರಿನ ದೊಡ್ಡ ಗಣಿಯೊಂದಿತ್ತು. ಅಲ್ಲಿಯ ಧೂಳಿನ ವಿಚಾರದಲ್ಲಿ ೧೯೪೮ರಷ್ಟು ಹಿಂದೆಯೇ ಎರಿಕ್ ಸೇಂಟ್ ಎಂಬ ವೈದ್ಯರು ಎಚ್ಚರಿಕೆಯನ್ನು ಬರೆದು ಕಳುಹಿಸಿದರು. ಎಚ್ಚರಿಕೆಯು ಕಡತವನ್ನು ಸೇರಿತು. ಗಣಿಯು ಇನ್ನೂ ಹದಿನೆಂಟು ವರ್ಷ ನಡೆದು ೧೯೬೬ರಲ್ಲಿ ಮುಚ್ಚಿತು. ಸರಕಾರದವರು ೨೦೦೭ರಲ್ಲಿ ಆ ಊರಿನ ಹೆಸರನ್ನೇ ಊರುಗಳ ಪಟ್ಟಿಯಿಂದ ತೆಗೆದುಹಾಕಿದರು. ಆದರೆ ಅಲ್ಲಿ ದುಡಿದ ಸುಮಾರು ಏಳು ಸಾವಿರ ಮಂದಿಯ ಹೆಸರುಗಳು ಕಂಪೆನಿಯ ದಫ್ತರಿನಲ್ಲಿ ಉಳಿದಿದ್ದವು. ಪರ್ತಿನ ವೈದ್ಯರು ಆ ಹೆಸರುಗಳನ್ನು ಹಿಡಿದು ಒಬ್ಬೊಬ್ಬರನ್ನೇ ಹುಡುಕಿ, ಯಾರು ಬದುಕಿದ್ದಾರೆ, ಯಾರು ಯಾವ ರೋಗದಿಂದ ಸತ್ತರು ಎಂಬುದನ್ನು ದಶಕಗಳ ಕಾಲ ಬರೆದಿಟ್ಟರು. ರಕ್ತವನ್ನೂ ಸಂಗ್ರಹಿಸಿ ಶೈತ್ಯದಲ್ಲಿಟ್ಟರು. ಹೀಗೆ ಹೆಸರಿನ ಪಟ್ಟಿಯೂ ಇಟ್ಟ ರಕ್ತವೂ ಇದ್ದುದರಿಂದಲೇ ಹೊಸ ಪರೀಕ್ಷೆಯು ನಿಜವೋ ಸುಳ್ಳೋ ಎಂದು ತೂಗಿ ನೋಡುವುದು ಸಾಧ್ಯವಾಯಿತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ.

ಪರ್ತಿನ ಬ್ರೂಸ್ ರಾಬಿನ್ಸನ್ ಮತ್ತು ಅವರ ಸಂಗಡಿಗರು ೨೦೦೩ರಲ್ಲಿ ಪ್ರಕಟಿಸಿದ ಲೇಖನದ ಸಾರಾಂಶವು ಹೀಗಿದೆ. ಪೊರೆಯ ಕಣಗಳ ಹೊರಮೈಯಲ್ಲಿ ಮೆಸೊಥೀಲಿನ್ ಎಂಬ ಪ್ರೋಟೀನು ಇರುತ್ತದೆ. ಕ್ಯಾನ್ಸರು ಬೆಳೆದಾಗ ಅದರ ತುಣುಕುಗಳು ಕಳಚಿ ರಕ್ತಕ್ಕೆ ಬರುತ್ತವೆ. ಅವುಗಳನ್ನು ಅಳೆದಾಗ ೪೪ ಮಂದಿ ರೋಗಿಗಳ ಪೈಕಿ ೩೭ ಮಂದಿಯಲ್ಲಿ ಪ್ರಮಾಣವು ಹೆಚ್ಚಾಗಿತ್ತು. ಬೇರೆ ಕ್ಯಾನ್ಸರು, ಬೇರೆ ಎದೆರೋಗಗಳಿದ್ದ ೧೬೦ ಮಂದಿಯಲ್ಲಿ ಕೇವಲ ಮೂವರಲ್ಲಿ ಹೆಚ್ಚಾಗಿತ್ತು. ಇದಕ್ಕಿಂತಲೂ ಕುತೂಹಲಕರವಾದುದು ಮತ್ತೊಂದಿದೆ. ಧೂಳನ್ನು ಕುಡಿದಿದ್ದರೂ ಆರೋಗ್ಯವಂತರಾಗಿ ಕಾಣುತ್ತಿದ್ದ ೪೦ ಮಂದಿಯ ಪೈಕಿ ಏಳು ಮಂದಿಯ ರಕ್ತದಲ್ಲಿ ಈ ದ್ರವ್ಯವು ಹೆಚ್ಚಾಗಿದ್ದು, ಒಂದರಿಂದ ಐದು ವರ್ಷಗಳೊಳಗೆ ಅವರಲ್ಲಿ ಮೂವರಿಗೆ ಪೊರೆಯ ಕ್ಯಾನ್ಸರೂ ಒಬ್ಬರಿಗೆ ಶ್ವಾಸಕೋಶದ ಕ್ಯಾನ್ಸರೂ ಬಂದವು. ಮಿಕ್ಕ ೩೩ ಮಂದಿಯನ್ನು ಎಂಟು ವರ್ಷ ಕಾದು ನೋಡಿದರೂ ಯಾರಿಗೂ ಪೊರೆಯ ಕ್ಯಾನ್ಸರು ಬರಲಿಲ್ಲ. ಇದನ್ನು ಓದಿದವರಿಗೆ ರೋಗವು ಬರುವ ಮುಂಚೆಯೇ ಅದರ ಹೆಜ್ಜೆಯ ಸಪ್ಪಳವು ಕೇಳಿಸಿದಂತಾದುದು ಸಹಜ.

ಅಲ್ಲಿಂದ ಮುಂದೆ ಇಂತಹ ಸೂಚಕದ್ರವ್ಯಗಳ ಸುಗ್ಗಿಯೇ ಆಯಿತೆನ್ನಬಹುದು. ಅಮೆರಿಕದ ಹಾರ್ವೆ ಪಾಸ್ ಎಂಬ ಶಸ್ತ್ರವೈದ್ಯರ ತಂಡದವರು ೨೦೦೫ರಲ್ಲಿ ಆಸ್ಟಿಯೊಪಾಂಟಿನ್ ಎಂಬುದನ್ನೂ, ೨೦೧೨ರಲ್ಲಿ ಫಿಬುಲಿನ್-೩ ಎಂಬುದನ್ನೂ ಮುಂದಿಟ್ಟರು. ಎರಡನೆಯದರ ವಿಚಾರದಲ್ಲಿ ಅವರು ಕೊಟ್ಟ ಅಂಕಗಳು ಬೆರಗುಗೊಳಿಸುವಂಥವು: ರೋಗವಿದ್ದವರಲ್ಲಿ ನೂರಕ್ಕೆ ೯೬.೭ ಮಂದಿಯನ್ನು ಪರೀಕ್ಷೆಯು ಹಿಡಿಯುತ್ತದೆ, ರೋಗವಿಲ್ಲದವರಲ್ಲಿ ನೂರಕ್ಕೆ ೯೫.೫ ಮಂದಿಯನ್ನು ಸರಿಯಾಗಿ ಬಿಟ್ಟುಕೊಡುತ್ತದೆ. ಆದರೆ ಪರ್ತಿನವರು ತಮ್ಮ ಬಳಿಯಿದ್ದ ರಕ್ತದಲ್ಲಿ ಅದನ್ನೇ ಪರೀಕ್ಷಿಸಿ ೨೦೧೪ರಲ್ಲಿ ಪ್ರಕಟಿಸಿದಾಗ, ರೋಗನಿರ್ಣಯಕ್ಕೆ ಫಿಬುಲಿನ್ನಿಗಿಂತ ಹಳೆಯ ಮೆಸೊಥೀಲಿನ್ನೇ ಮೇಲೆಂದು ಕಂಡುಬಂತು. ಆಸ್ಟಿಯೊಪಾಂಟಿನ್ನು ಬೇರೆ ಹಲವು ಕ್ಯಾನ್ಸರುಗಳಲ್ಲಿಯೂ ಏರುವುದು. ಮೇಲಾಗಿ ರಕ್ತವು ಹೆಪ್ಪುಗಟ್ಟುವಾಗ ಅದು ತುಂಡಾಗುವುದರಿಂದ ಅಳತೆಯೂ ಒಂದು ಕಡೆಯಿಂದ ಮತ್ತೊಂದು ಕಡೆಗೆ ಹೊಂದುವುದಿಲ್ಲ. ಒಂದು ಆಸ್ಪತ್ರೆಯಲ್ಲಿ ಚಿನ್ನವೆಂದು ತೋರಿದ್ದು ಮತ್ತೊಂದು ಆಸ್ಪತ್ರೆಯ ಒರೆಗಲ್ಲಿನ ಮೇಲೆ ಹಿತ್ತಾಳೆಯಾಗುವುದು ವಿಜ್ಞಾನದಲ್ಲಿ ಅವಮಾನದ ಸಂಗತಿಯಲ್ಲ. ಮೊದಲನೆಯ ಸುದ್ದಿಯನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚುಹಾಕಿದ ಪತ್ರಿಕೆಗಳು ಎರಡನೆಯದನ್ನು ಅಚ್ಚುಹಾಕದಿರುವುದು ಮಾತ್ರ ನಮ್ಮ ವೃತ್ತಿಗೆ ಅವಮಾನದ ಸಂಗತಿಯೇ ಸರಿ.

ಮೆಸೊಥೀಲಿನ್ನಿನ ಯೋಗ್ಯತೆಯೂ ಮೊದಲು ಎಣಿಸಿದಷ್ಟಿಲ್ಲವೆಂಬುದು ೨೦೧೨ರಲ್ಲಿ ಸ್ಪಷ್ಟವಾಯಿತು. ಹಾಲೆವೂಟ್ ಎಂಬುವರ ನಾಯಕತ್ವದಲ್ಲಿ ಹಲವು ದೇಶಗಳ ೧೬ ಶೋಧನೆಗಳ ನಾಲ್ಕು ಸಾವಿರಕ್ಕೂ ಮೇಲ್ಪಟ್ಟ ಜನರ ಲೆಕ್ಕವನ್ನು ಒಟ್ಟುಗೂಡಿಸಿ ನೋಡಲಾಯಿತು. ರೋಗವಿಲ್ಲದವರಲ್ಲಿ ನೂರಕ್ಕೆ ೯೫ ಮಂದಿಯನ್ನು ಸರಿಯಾಗಿ ಬಿಡುವಂತೆ ಗೆರೆಯನ್ನೆಳೆದರೆ, ರೋಗವು ಇನ್ನೂ ಮೊದಲ ಎರಡು ಹಂತಗಳಲ್ಲಿರುವವರಲ್ಲಿ ಈ ಪರೀಕ್ಷೆಯು ಹಿಡಿಯುವುದು ನೂರಕ್ಕೆ ೩೨ ಮಂದಿಯನ್ನು ಮಾತ್ರ. ಅಂದರೆ, ಯಾರಿಗೆ ಬೇಗನೆ ತಿಳಿದರೆ ಪ್ರಯೋಜನವಿದೆಯೋ ಅವರಲ್ಲಿಯೇ ಮೂವರಿಗೆ ಇಬ್ಬರು ಕಣ್ತಪ್ಪಿ ಹೋಗುತ್ತಾರೆ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡುವುದು ಹಿತಕರ. ಲೆಕ್ಕವೆಂದರೆ ಬೇಸರಪಡುವ ವಾಚಕರು ಕ್ಷಮಿಸಬೇಕು. ಆದರೆ ಆರೋಗ್ಯ ಇಲಾಖೆಯ ಅಧಿಕಾರಿಗಳು ಇದನ್ನು ಬಿಡಕೂಡದು. ಕಲ್ನಾರಿನಲ್ಲಿ ದುಡಿದ ಹತ್ತು ಸಾವಿರ ಮಂದಿಯನ್ನು ಸಾಲಾಗಿ ನಿಲ್ಲಿಸಿ ರಕ್ತವನ್ನು ಪರೀಕ್ಷಿಸುತ್ತೇವೆಂದು ಭಾವಿಸಿರಿ. ಅವರಲ್ಲಿ ಹತ್ತು ಮಂದಿಗೆ ಗುಪ್ತವಾಗಿ ರೋಗವಿದೆಯೆಂದೂ ಇಟ್ಟುಕೊಳ್ಳಿರಿ. ಮೇಲೆ ಹೇಳಿದ ಪ್ರಮಾಣದಂತೆ ಪರೀಕ್ಷೆಯು ಆ ಹತ್ತರಲ್ಲಿ ಮೂವರನ್ನು ಹಿಡಿಯುವುದು. ಅದರೊಡನೆಯೇ ಏನೂ ಇಲ್ಲದ ಸುಮಾರು ಐನೂರು ಮಂದಿಯನ್ನೂ ಹಿಡಿಯುವುದು. ಆ ಐನೂರು ಕುಟುಂಬಗಳು ತಿಂಗಳುಗಟ್ಟಲೆ ಸಾವಿನ ಭಯದಲ್ಲಿ ನರಳಬೇಕು, ಸ್ಕ್ಯಾನಿಗೆ ಸಾಲ ಮಾಡಬೇಕು, ಕೆಲವರು ಎದೆಯನ್ನು ಕೊಯ್ಯಿಸಿಕೊಂಡು ತುಣುಕನ್ನು ಪರೀಕ್ಷೆಗೆ ಕೊಡಬೇಕು. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಮನೆಗೆ ಕಳುಹಿಸಿದವರಲ್ಲಿ ಏಳು ಮಂದಿ ರೋಗವನ್ನು ಹೊತ್ತುಕೊಂಡೇ ಹೋಗಿರುತ್ತಾರೆ. ಫಿಬುಲಿನ್ನಿನ ಅತ್ಯುತ್ತಮವಾದ ಅಂಕಗಳನ್ನೇ ನಿಜವೆಂದು ಹಿಡಿದರೂ ಹತ್ತು ಮಂದಿಗಾಗಿ ನಾನೂರೈವತ್ತು ಮಂದಿಯನ್ನು ಬೆದರಿಸಬೇಕಾಗುತ್ತದೆ. ರೋಗವು ವಿರಳವಾಗಿರುವಲ್ಲಿ ಒಳ್ಳೆಯ ಪರೀಕ್ಷೆಯೂ ಕೆಟ್ಟ ಜರಡಿಯಾಗುವುದು ಗಣಿತದ ನಿಯಮ.

ಇನ್ನೂ ಎರಡು ತೊಡಕುಗಳಿವೆ. ಮೂತ್ರಪಿಂಡಗಳು ಸರಿಯಾಗಿ ಕೆಲಸಮಾಡದವರಲ್ಲಿ ಕ್ಯಾನ್ಸರಿಲ್ಲದಿದ್ದರೂ ಮೆಸೊಥೀಲಿನ್ನು ರಕ್ತದಲ್ಲಿ ಏರುತ್ತದೆ. ಸಕ್ಕರೆ ರೋಗವೂ ರಕ್ತದೊತ್ತಡವೂ ಮನೆಮನೆಯಲ್ಲಿರುವ ನಮ್ಮ ನಾಡಿನ ವೃದ್ಧರಲ್ಲಿ ಇದು ಸಣ್ಣ ಸಂಗತಿಯಲ್ಲ. ಎರಡನೆಯದಾಗಿ, ಈ ಕ್ಯಾನ್ಸರಿನ ಬಗೆಗಳಲ್ಲಿ ಅತಿ ಕ್ರೂರವಾದ ಬಗೆಯೊಂದು ಮೆಸೊಥೀಲಿನ್ನನ್ನು ಸುರಿಸುವುದೇ ಇಲ್ಲ. ಅಂತಹ ರೋಗಿಯ ರಕ್ತವು ಕೊನೆಯವರೆಗೂ ನಿರ್ದೋಷವಾಗಿ ಕಾಣಬಹುದು. ಈ ಕಾರಣಗಳಿಂದಲೇ ಅಮೆರಿಕದ ಔಷಧ ನಿಯಂತ್ರಕರು ೨೦೦೭ರಲ್ಲಿ ಈ ಪರೀಕ್ಷೆಗೆ ಅನುಮತಿ ಕೊಟ್ಟಾಗ, ರೋಗವಿದೆಯೆಂದು ಆಗಲೇ ನಿರ್ಣಯವಾಗಿರುವವರಲ್ಲಿ ಏರಿಳಿತವನ್ನು ನೋಡುವುದಕ್ಕೆಂದು ಮಾತ್ರ ಕೊಟ್ಟರು. ಜರ್ಮನಿಯವರು ಮೆಸೊಥೀಲಿನ್ನಿನೊಡನೆ ಕ್ಯಾಲ್ರೆಟಿನಿನ್ ಎಂಬ ಮತ್ತೊಂದನ್ನು ಸೇರಿಸಿ, ಕಲ್ನಾರಿನಿಂದ ಎದೆ ಕೆಟ್ಟ ಹಳೆಯ ಕೆಲಸಗಾರರನ್ನು ವರ್ಷವರ್ಷವೂ ಕರೆಸಿ ನೋಡಿದರು. ೨೦೧೮ರಲ್ಲಿ ಅವರು ಪ್ರಕಟಿಸಿದಂತೆ, ಈ ಜೋಡಿಯು ರೋಗವು ಹೊರಬೀಳುವ ಒಂದು ವರ್ಷದೊಳಗಿನ ರಕ್ತದಲ್ಲಿ ನೂರಕ್ಕೆ ೪೬ ಮಂದಿಯನ್ನು ಗುರುತಿಸಿತು. ಸುಳ್ಳು ಕೂಗು ನೂರಕ್ಕೆ ಎರಡಕ್ಕೆ ಇಳಿಯಿತು. ಇದು ಮುನ್ನಡೆಯೇ, ಅರ್ಧದಾರಿಯೂ ಹೌದು.

ಹಾಗಾದರೆ ಸೂಚಕಗಳೆಲ್ಲವೂ ನಿಷ್ಪ್ರಯೋಜಕವೋ ಎಂದು ಕೇಳಬಹುದು. ಖಂಡಿತವಾಗಿಯೂ ಅಲ್ಲ. ರಕ್ತದಲ್ಲಿ ಸೋತ ವಿದ್ಯೆಯು ತುಣುಕಿನಲ್ಲಿ ಗೆದ್ದಿದೆ. ಎದೆಯ ಪೊರೆಯಿಂದ ತೆಗೆದ ಚೂರನ್ನು ಸೂಕ್ಷ್ಮದರ್ಶಕದ ಕೆಳಗೆ ಬರಿಗಣ್ಣಿನ ಅಂದಾಜಿನಿಂದ ನೋಡಿ, ಇದು ಪೊರೆಯ ಕ್ಯಾನ್ಸರೋ ಶ್ವಾಸಕೋಶದಿಂದ ಹಬ್ಬಿದ ಕ್ಯಾನ್ಸರೋ ಎಂದು ಹೇಳುವುದು ಹಿಂದೆ ಅನುಭವಿಗಳಿಗೂ ಕಷ್ಟವಾಗಿತ್ತು. ಈಗ ಆ ಚೂರಿಗೆ ಬಣ್ಣಹಾಕುವ ಕ್ರಮವಿದೆ. ಕ್ಯಾಲ್ರೆಟಿನಿನ್, ಡಬ್ಲ್ಯು.ಟಿ.-೧ ಮೊದಲಾದವು ಬಣ್ಣ ಹಿಡಿದರೆ ಅದು ಪೊರೆಯ ಕಡೆಯದು, ಟಿ.ಟಿ.ಎಫ್.-೧, ಕ್ಲಾಡಿನ್-೪ ಮೊದಲಾದವು ಹಿಡಿದರೆ ಅದು ಬೇರೆಡೆಯದು. ಪ್ರತಿಯೊಂದು ಪಕ್ಷಕ್ಕೂ ಎರಡೆರಡು ಸಾಕ್ಷಿಗಳನ್ನಾದರೂ ಕೇಳದೆ ತೀರ್ಪು ಕೊಡಬಾರದೆಂಬುದು ತಜ್ಞರ ನಿಯಮ. ನ್ಯಾಯಸ್ಥಾನಗಳ ನಿಯಮವೂ ಇದಕ್ಕಿಂತ ಕಟ್ಟುನಿಟ್ಟಾಗಿಲ್ಲ! ಇನ್ನು, ಪೊರೆಯು ಕೇವಲ ಕೆರಳಿ ದಪ್ಪವಾಗಿದೆಯೋ ಅಥವಾ ಕ್ಯಾನ್ಸರೇ ಆಗಿದೆಯೋ ಎಂಬ ಹಳೆಯ ಸಂಶಯವನ್ನು ಬ್ಯಾಪ್-೧ ಎಂಬ ಸೂಚಕವು ಬಹುಮಟ್ಟಿಗೆ ಬಗೆಹರಿಸಿದೆ. ಆರೋಗ್ಯವಾದ ಕಣಗಳ ನಡುಬೀಜದಲ್ಲಿ ಇರಬೇಕಾದ ಈ ಪ್ರೋಟೀನು ಇಲ್ಲವಾಗಿದ್ದರೆ ಅದು ಕ್ಯಾನ್ಸರೆಂಬುದು ಹೆಚ್ಚುಕಡಿಮೆ ನಿಶ್ಚಯ. ಇದ್ದಮಾತ್ರಕ್ಕೆ ಕ್ಯಾನ್ಸರಲ್ಲವೆಂದು ಹೇಳುವಂತಿಲ್ಲ. ಕೆಲವು ಕುಟುಂಬಗಳಲ್ಲಿ ಈ ಪ್ರೋಟೀನಿನ ಬೀಜದೋಷವು ಹುಟ್ಟಿನಿಂದಲೇ ಇಳಿದು ಬರುವುದೆಂದೂ, ಅಂಥವರಲ್ಲಿ ಈ ರೋಗವು ಹೆಚ್ಚೆಂದೂ ಅಮೆರಿಕದ ಎರಡು ಮನೆತನಗಳಿಂದ ೨೦೧೧ರಲ್ಲಿ ತಿಳಿದುಬಂತು.

ನಮ್ಮ ನಾಡಿನ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಅರುವತ್ತು ವರ್ಷದ ಮುದುಕನೊಬ್ಬನು ಏದುತ್ತಾ ಜಿಲ್ಲಾ ಆಸ್ಪತ್ರೆಗೆ ಬರುತ್ತಾನೆ. ಎದೆಯ ಒಂದು ಪಕ್ಕದಲ್ಲಿ ನೀರು ತುಂಬಿರುತ್ತದೆ. ನಮ್ಮ ದೇಶದಲ್ಲಿ ಎದೆಯಲ್ಲಿ ನೀರೆಂದರೆ ಕ್ಷಯವೆಂಬುದು ವೈದ್ಯರ ಮೊದಲನೆಯ ಯೋಚನೆ. ಅದು ತಪ್ಪಲ್ಲ, ಬಹು ಸಲ ಅದೇ ನಿಜವಾಗಿರುತ್ತದೆ. ನೀರನ್ನು ತೆಗೆದು ಎ.ಡಿ.ಎ. ಎಂಬ ಸೂಚಕವನ್ನು ಅಳೆಯುತ್ತಾರೆ. ಅದು ಹೆಚ್ಚಾಗಿದ್ದರೆ ಕ್ಷಯದ ಔಷಧವನ್ನು ಆರು ತಿಂಗಳಿಗೆ ಬರೆಯುತ್ತಾರೆ. ಆದರೆ ಪೊರೆಯ ಕ್ಯಾನ್ಸರಿನಲ್ಲಿಯೂ ಒಮ್ಮೊಮ್ಮೆ ಎ.ಡಿ.ಎ. ಏರುವುದುಂಟು. ಈ ರೋಗಿಗಳ ಆಯುಸ್ಸು ನಿರ್ಣಯವಾದ ಮೇಲೆ ಬಹುಮಟ್ಟಿಗೆ ಒಂದು ಒಂದೂವರೆ ವರ್ಷ. ಅದರಲ್ಲಿ ಆರು ತಿಂಗಳನ್ನು ಇಲ್ಲದ ರೋಗದ ಮಾತ್ರೆಗಳಲ್ಲಿ ಕಳೆದುಬಿಟ್ಟರೆ ಉಳಿದುದೇನು? “ನೀನು ಹಿಂದೆ ಏನು ಕೆಲಸ ಮಾಡುತ್ತಿದ್ದೆ?” ಎಂಬ ಒಂದು ಪ್ರಶ್ನೆಗೆ ರೋಗಿಯ ಚೀಟಿಯಲ್ಲಿ ಜಾಗವಿಲ್ಲ. “ಕೂಲಿ” ಎಂದು ಬರೆದು ಮುಗಿಸುವುದು ವಾಡಿಕೆ. ಮೂವತ್ತು ವರ್ಷದ ಹಿಂದೆ ಶೀಟಿನ ಕಾರ್ಖಾನೆಯಲ್ಲಿ ನಾರಿನ ಚೀಲವನ್ನು ಬಿಚ್ಚಿ ಸುರಿಯುತ್ತಿದ್ದವನೂ ಕೂಲಿಯೇ, ಹೊಲದಲ್ಲಿ ಕಳೆ ತೆಗೆದವನೂ ಕೂಲಿಯೇ. ಕಾಸಿಲ್ಲದ ಈ ಪ್ರಶ್ನೆಯು ಯಾವ ರಕ್ತಪರೀಕ್ಷೆಗಿಂತಲೂ ಬೆಲೆಯುಳ್ಳ ಸೂಚಕವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಬೇಗನೆ ತಿಳಿದರೆ ತಾನೇ ಏನು ಲಾಭ, ಈ ರೋಗಕ್ಕೆ ಮದ್ದಿಲ್ಲವಲ್ಲ ಎಂದು ಕೆಲವರು ಹೇಳುತ್ತಾರೆ. ವಾಸಿಮಾಡುವ ಮದ್ದು ಇಲ್ಲವೆಂಬುದು ದುಃಖಕರವಾದ ನಿಜ. ೨೦೦೩ರಲ್ಲಿ ಪೆಮೆಟ್ರೆಕ್ಸೆಡ್ ಎಂಬ ಔಷಧವನ್ನು ಸಿಸ್‌ಪ್ಲಾಟಿನ್ನಿನೊಡನೆ ಸೇರಿಸಿ ಕೊಟ್ಟಾಗ ರೋಗಿಗಳ ಸರಾಸರಿ ಬಾಳು ೯.೩ ತಿಂಗಳಿಂದ ೧೨.೧ ತಿಂಗಳಿಗೆ ಏರಿತು. ೨೦೨೧ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದೇಹದ ರಕ್ಷಣಾಶಕ್ತಿಯನ್ನು ಎಬ್ಬಿಸುವ ನಿವೊಲುಮಾಬ್, ಇಪಿಲಿಮುಮಾಬ್ ಎಂಬ ಜೋಡಿ ಔಷಧಗಳಿಂದ ಅದು ೧೮.೧ ತಿಂಗಳನ್ನು ಮುಟ್ಟಿತು. ತಿಂಗಳುಗಳ ಲೆಕ್ಕವನ್ನು ನೋಡಿ ನಗುವವರು ತಮ್ಮ ಮನೆಯಲ್ಲಿ ಮದುವೆಗೆ ನಿಂತ ಮಗಳನ್ನೋ ಪರೀಕ್ಷೆಗೆ ಕಟ್ಟಿದ ಮಗನನ್ನೋ ಬಿಟ್ಟು ಹೊರಡಬೇಕಾದ ತಂದೆಯ ಸ್ಥಾನದಲ್ಲಿ ನಿಂತು ಎಣಿಸಲಿ. ಅಲ್ಲದೆ ನಿರ್ಣಯದ ಬೆಲೆಯು ರೋಗಿಯ ಆಯುಸ್ಸಿಗೆ ಮಾತ್ರ ಸೀಮಿತವಾದುದಲ್ಲ. ಸಾವಿನ ಕಾಗದದಲ್ಲಿ “ಕ್ಷಯ” ಎಂದು ಬರೆದರೆ ಹೆಂಡತಿಗೆ ಬರುವುದು ಏನೂ ಇಲ್ಲ. “ಕಲ್ನಾರಿನಿಂದಾದ ಪೊರೆಯ ಕ್ಯಾನ್ಸರು” ಎಂದು ಸಾಕ್ಷಿಸಮೇತ ಬರೆದರೆ ಅವಳಿಗೆ ಪರಿಹಾರದ ಹಕ್ಕು ಹುಟ್ಟುತ್ತದೆ. ೧೯೨೩ರ ಕೂಲಿಕಾರರ ಪರಿಹಾರದ ಕಾಯಿದೆಯ ಪಟ್ಟಿಗೆ ಈ ರೋಗದ ಹೆಸರು ಬಹಳ ಹಿಂದೆಯೇ ಸೇರಿತು. ಪಟ್ಟಿಯಲ್ಲಿ ರೋಗದ ಹೆಸರಿದ್ದು ಆಸ್ಪತ್ರೆಯ ಕಾಗದದಲ್ಲಿ ಇಲ್ಲದಿದ್ದರೆ ಆ ಕಾಯಿದೆಯಿಂದ ವಿಧವೆಯ ಮನೆಯ ಒಲೆ ಉರಿಯುವುದಿಲ್ಲ.

ಇಲ್ಲಿಯೇ ನಮ್ಮ ಸರ್ವೋಚ್ಚ ನ್ಯಾಯಾಲಯದ ೧೯೯೫ರ ಜನವರಿಯ ತೀರ್ಪನ್ನು ನೆನೆಯುವುದು ಅಗತ್ಯ. ಬಳಕೆದಾರರ ಶಿಕ್ಷಣ ಮತ್ತು ಸಂಶೋಧನ ಕೇಂದ್ರದವರು ೧೯೮೬ರಲ್ಲಿ ಹೂಡಿದ ಅರ್ಜಿಯ ಮೇಲೆ ನ್ಯಾಯಾಧೀಶರು ಕೂಲಿಕಾರನ ಆರೋಗ್ಯವು ಸಂವಿಧಾನದ ೨೧ನೆಯ ವಿಧಿಯು ಕೊಟ್ಟಿರುವ ಜೀವದ ಹಕ್ಕಿಗೆ ಸೇರಿದುದೆಂದು ಸಾರಿದರು. ಅಷ್ಟಕ್ಕೇ ನಿಲ್ಲದೆ, ಕಲ್ನಾರಿನ ಪ್ರತಿಯೊಂದು ಕಾರ್ಖಾನೆಯೂ ಪ್ರತಿಯೊಬ್ಬ ಕೂಲಿಕಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ೪೦ ವರ್ಷ ಅಥವಾ ಕೆಲಸ ಬಿಟ್ಟಮೇಲೆ ೧೫ ವರ್ಷ, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟು ಕಾಲ ಇಡತಕ್ಕುದೆಂದು ಆಜ್ಞೆಮಾಡಿದರು. ರೋಗಪೀಡಿತರೆಂದು ಕಂಡವರಿಗೆ ಒಂದು ಲಕ್ಷ ರೂಪಾಯಿ ಪರಿಹಾರವನ್ನು ವಿಧಿಸಿದರು. ನಲವತ್ತು ವರ್ಷವೆಂಬ ಮಾತು ಈ ರೋಗವು ಎಷ್ಟು ಕಾಲ ಹೊಂಚುಹಾಕುವುದೆಂಬುದನ್ನು ತಿಳಿದು ಆಡಿದ ಮಾತು. ಆ ತೀರ್ಪು ಬಂದು ಈಗ ಮೂವತ್ತು ವರ್ಷ ಮೀರಿತು. ಆ ವರ್ಷ ಕೆಲಸಕ್ಕೆ ಸೇರಿದ ಹುಡುಗನು ಈಗ ರೋಗವು ತಲೆದೋರತಕ್ಕ ವಯಸ್ಸಿಗೆ ಬಂದಿದ್ದಾನೆ. ಅವನ ದಾಖಲೆಯು ಎಲ್ಲಿದೆ? ಗುತ್ತಿಗೆದಾರನ ಮೂಲಕ ಬಂದು ಮೂರು ತಿಂಗಳು ದುಡಿದು ಮತ್ತೊಂದು ಊರಿಗೆ ಹೋದವನ ದಾಖಲೆಯನ್ನು ಯಾರು ಇಟ್ಟಿದ್ದಾರೆ? ಕಾರ್ಖಾನೆ ಇಲಾಖೆಯವರು ಈ ಪ್ರಶ್ನೆಗೆ ಅಂಕಿ ಅಂಶಗಳೊಡನೆ ಉತ್ತರ ಕೊಡತಕ್ಕುದು. ವಿಟೆನೂಮಿನ ಕಂಪೆನಿಯು ಒಳ್ಳೆಯದೇನನ್ನೂ ಮಾಡಲಿಲ್ಲ. ಆದರೂ ಅದರ ಹೆಸರಿನ ಪಟ್ಟಿ ಉಳಿದುದರಿಂದ ಲೋಕಕ್ಕೆ ಒಂದು ವಿದ್ಯೆ ದೊರಕಿತು. ನಮ್ಮಲ್ಲಿ ಪಟ್ಟಿ ಇಡಬೇಕೆಂದು ಅತ್ಯುನ್ನತ ನ್ಯಾಯಾಲಯವೇ ಹೇಳಿದೆ.

ಬಿಳಿ ಕಲ್ನಾರು ನಿರಪಾಯಕರ, ದೋಷವೆಲ್ಲ ನೀಲಿಯದು, ನಾವು ಬಳಸುವುದು ಬಿಳಿಯದನ್ನು ಮಾತ್ರ ಎಂದು ಶೀಟಿನ ವ್ಯಾಪಾರಸ್ಥರು ವಾದಿಸುವುದುಂಟು. ಈ ವಾದದಲ್ಲಿ ಅರ್ಧ ಸತ್ಯವಿದೆಯೆಂಬುದನ್ನು ಮರೆಮಾಚುವುದು ನಮಗೆ ಇಷ್ಟವಿಲ್ಲ. ಪೊರೆಯ ಕ್ಯಾನ್ಸರನ್ನು ಹುಟ್ಟಿಸುವುದರಲ್ಲಿ ನೀಲಿಯು ಬಿಳಿಯದಕ್ಕಿಂತ ಬಹಳ ಉಗ್ರವಾದುದು. ಆದರೆ ಕಡಿಮೆ ಉಗ್ರವೆಂದರೆ ನಿರಪಾಯವೆಂದಲ್ಲ. ಕ್ಯಾನ್ಸರಿನ ವಿಚಾರವಾಗಿ ಸಂಶೋಧಿಸುವ ಅಂತರರಾಷ್ಟ್ರೀಯ ಸಂಸ್ಥೆಯವರು ಎಲ್ಲ ಬಗೆಯ ಕಲ್ನಾರೂ ಮನುಷ್ಯರಿಗೆ ಕ್ಯಾನ್ಸರುಕಾರಕವೆಂದು ತೀರ್ಮಾನಿಸಿದ್ದಾರೆ. ಬ್ರಿಟನ್ನಿನವರು ೧೯೯೯ರಲ್ಲಿ ಬಿಳಿಯದನ್ನೂ ನಿಷೇಧಿಸಿದರು. ಆದರೂ ಹಿಂದೆ ಕುಡಿದ ಧೂಳಿನ ಫಲವಾಗಿ ಅಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನರು ಈ ರೋಗದಿಂದ ಸಾಯುತ್ತಿದ್ದಾರೆ. ಕೆನಡಾ ದೇಶವು ತನ್ನ ಗಣಿಗಳಿಂದ ತೆಗೆದ ಬಿಳಿ ಕಲ್ನಾರನ್ನು ನಮ್ಮಂತಹ ದೇಶಗಳಿಗೆ ಮಾರಿ, ಗಣಿಗಳು ಮುಚ್ಚಿದ ಮೇಲೆ, ೨೦೧೮ರ ಕೊನೆಯಲ್ಲಿ, ತನ್ನ ಮನೆಯಲ್ಲಿ ಅದನ್ನು ನಿಷೇಧಿಸಿತು. ಆಸ್ಬೆಸ್ಟಾಸ್ ಎಂದೇ ಹೆಸರಿದ್ದ ಅಲ್ಲಿಯ ಊರು ೨೦೨೦ರಲ್ಲಿ ನಾಚಿಕೊಂಡು ಹೆಸರನ್ನೂ ಬದಲಾಯಿಸಿಕೊಂಡಿತು. ಅಮೆರಿಕದವರು ೨೦೨೪ರಲ್ಲಿ ಬಿಳಿಯದಕ್ಕೆ ನಿಷೇಧವಿಧಿಸಿದರು. ನಮ್ಮ ದೇಶದಲ್ಲಿಯೋ, ಗಣಿಗಳಿಗೆ ಹೊಸ ಗುತ್ತಿಗೆಯನ್ನು ಕೊಡುವುದನ್ನು ೧೯೮೬ರಲ್ಲಿಯೇ ನಿಲ್ಲಿಸಿದ ಸರಕಾರದವರು ಹೊರಗಿನಿಂದ, ಮುಖ್ಯವಾಗಿ ರಷ್ಯದಿಂದ, ಅದನ್ನು ತರಿಸಿಕೊಳ್ಳುವುದಕ್ಕೆ ಅಡ್ಡಿಮಾಡಲಿಲ್ಲ. ನಮ್ಮ ನೆಲದಿಂದ ಅಗೆಯಲು ಅಪಾಯಕರವಾದುದು ಹಡಗಿನಲ್ಲಿ ಬಂದಮಾತ್ರಕ್ಕೆ ಹೇಗೆ ಶುದ್ಧವಾಗುವುದೋ ನಮಗೆ ತಿಳಿಯದು.

ನಮ್ಮಲ್ಲಿ ಈ ರೋಗಿಗಳೇ ಕಾಣುವುದಿಲ್ಲವಲ್ಲ ಎಂದು ಅದೇ ವ್ಯಾಪಾರಸ್ಥರು ಕೇಳುತ್ತಾರೆ. ತುಣುಕಿಗೆ ಬಣ್ಣಹಾಕಿ ನೋಡದೆ, ಹಿಂದಿನ ಕೆಲಸವನ್ನು ಕೇಳದೆ, ಎಲ್ಲವನ್ನೂ ಕ್ಷಯದ ಲೆಕ್ಕಕ್ಕೆ ಸೇರಿಸಿದರೆ ಹೇಗೆ ಕಂಡಾವು? ಲೆಕ್ಕವಿಡುವ ಸಾಧನಗಳು ನಮ್ಮಲ್ಲಿ ಇಲ್ಲವೆಂದು ಮಾತ್ರ ಯಾರೂ ಹೇಳಲಾರರು. ದೇಶದ ಕ್ಯಾನ್ಸರು ನೋಂದಣಿಯ ಕೇಂದ್ರ ಕಚೇರಿಯು ನಮ್ಮ ಬೆಂಗಳೂರಿನಲ್ಲಿಯೇ ಇದೆ. ಆ ನೋಂದಣಿಯು ಮೊದಲಾದಾಗ, ಅಂದರೆ ೧೯೮೦ರ ದಶಕದ ಆರಂಭದಲ್ಲಿಯೇ, ಅದಕ್ಕೆ ಸೇರಿದ ನಗರಗಳಲ್ಲಿ ಬೆಂಗಳೂರೂ ಒಂದು. ಕಿದ್ವಾಯಿ ಆಸ್ಪತ್ರೆಯಂತಹ ದೊಡ್ಡ ಸಂಸ್ಥೆಯಿದೆ. ಕಸುಬಿನಿಂದ ಬರುವ ರೋಗಗಳನ್ನು ಶೋಧಿಸುವುದಕ್ಕೆಂದು ಅಹಮದಾಬಾದಿನ ರಾಷ್ಟ್ರೀಯ ಸಂಸ್ಥೆಯ ದಕ್ಷಿಣದ ಕೇಂದ್ರವೂ ಬೆಂಗಳೂರಿನ ಬಳಿಯಲ್ಲಿದೆ. ಈ ಮೂವರೂ ಒಂದು ಮೇಜಿನ ಸುತ್ತ ಕುಳಿತು ಯೋಚಿಸುವುದಕ್ಕೆ ಬೇಕಾದುದು ಒಂದು ಸರಕಾರಿ ಆಜ್ಞೆ ಮಾತ್ರ.

ಸರಕಾರದವರನ್ನು ನಾವು ಕೇಳುವುದು ದೊಡ್ಡ ವೆಚ್ಚದ ಯೋಜನೆಗಳನ್ನಲ್ಲ. ಹತ್ತಾರು ಸಾವಿರ ಕೂಲಿಕಾರರ ರಕ್ತವನ್ನು ಕೂಡಲೆ ಪರೀಕ್ಷಿಸಬೇಕೆಂದು ನಾವು ಹೇಳುವುದಿಲ್ಲ. ಹಾಗೆ ಮಾಡಹೊರಟರೆ ಹಣವೂ ಹೋಗಿ ಭಯವೂ ಹರಡುವುದೆಂದು ಮೇಲೆಯೇ ತೋರ��ಸಿದ್ದೇವೆ. ರಕ್ತದಲ್ಲಿ ಸೂಚಕವು ಕಾಣಲಿಲ್ಲವೆಂಬ ಕಾಗದವನ್ನು ಹಿಡಿದು ಮಾಲಿಕರು ಪರಿಹಾರವನ್ನು ನಿರಾಕರಿಸದಂತೆ ಸ್ಪಷ್ಟವಾದ ಸೂಚನೆಯೊಂದು ಹೊರಡಬೇಕು. ಯಾಕೆಂದರೆ ಸೂಚಕವು ಕಾಣದಿರುವುದು ರೋಗವಿಲ್ಲವೆಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಎದೆಯಲ್ಲಿ ನೀರು ತುಂಬಿ ಬಂದ ಪ್ರತಿಯೊಬ್ಬರ ಚೀಟಿಯಲ್ಲಿಯೂ ಹಿಂದಿನ ಕಸುಬುಗಳ ಅಂಕಣವಿರಬೇಕು. ಕ್ಷಯವು ಖಚಿತವಾಗದೆ ನೀರು ಮತ್ತೆ ಮತ್ತೆ ತುಂಬುವ ರೋಗಿಯನ್ನು ತುಣುಕಿನ ಪರೀಕ್ಷೆಗೆ ಕಳುಹಿಸತಕ್ಕುದೆಂಬ ನಿಯಮವಾಗಬೇಕು. ಬಣ್ಣದ ಪರೀಕ್ಷೆಯನ್ನು ಸರಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಬಡವರಿಗೆ ಉಚಿತವಾಗಿ ಮಾಡಿಕೊಡಬೇಕು. ಕಾರ್ಮಿಕ ವಿಮೆಯ ಆಸ್ಪತ್ರೆಗಳೂ ಅದಕ್ಕೆ ಮಾದರಿಗಳನ್ನು ಕಳುಹಿಸಬೇಕು. ಶೀಟಿನ ಕಾರ್ಖಾನೆಗಳಲ್ಲಿ ಈಗ ದುಡಿಯುತ್ತಿರುವವರ, ಹಿಂದೆ ದುಡಿದವರ ಹೆಸರುಗಳನ್ನು ಒಂದೆಡೆ ಬರೆದು, ಒಪ್ಪಿದವರ ರಕ್ತವನ್ನು ಸಂಗ್ರಹಿಸಿಟ್ಟರೆ, ಮುಂದೆ ಉತ್ತಮವಾದ ಸೂಚಕವೊಂದು ಬಂದಾಗ ಅದನ್ನು ನಮ್ಮ ಜನರ ಮೇಲೆಯೇ ಒರೆಹಚ್ಚಿ ನೋಡುವುದಕ್ಕೆ ಆಧಾರವಿರುತ್ತದೆ. ಇಲ್ಲವಾದರೆ ಪರ್ತಿನ ಗೆರೆಯನ್ನೇ ನಮ್ಮ ರೋಗಿಯ ಮೇಲೆ ಎಳೆಯುತ್ತಾ ಇರಬೇಕಾಗುವುದು.

ಹಳೆಯ ಶೀಟುಗಳನ್ನು ಒಡೆಯುವ ಕೆಲಸವು ನಮ್ಮ ನಗರಗಳಲ್ಲಿ ದಿನದಿನವೂ ನಡೆಯುತ್ತಿದೆ. ಒಡೆಯುವವನ ಮೂಗಿಗೆ ಕಟ್ಟಿರುವುದು ಬಹುಮಟ್ಟಿಗೆ ಒಂದು ಟವಲು. ಅದು ಈ ನಾರನ್ನು ತಡೆಯಲಾರದು. ಒಡೆಯುವ ಮುಂಚೆ ನೀರು ಹೊಡೆದು ತೋಯಿಸುವುದು, ಇಡಿಯಾಗಿ ಬಿಚ್ಚಿ ಇಳಿಸುವುದು, ಚೂರುಗಳನ್ನು ಚೀಲದಲ್ಲಿ ಕಟ್ಟುವುದು ಇವು ನಗರಸಭೆಗಳು ನಾಳೆಯೇ ಆಜ್ಞೆಮಾಡಬಹುದಾದ ಸಂಗತಿಗಳು. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಬೇಕೆಂದು ನಾವು ನಗರಸಭೆಗಳ ಸದಸ್ಯರನ್ನು ಕೇಳಿಕೊಳ್ಳುತ್ತೇವೆ.